ತುರುಬಿನ ಪೆನ್ನಿಯನ್ನು ಮೊದಲು ಕಂಡವರು

ಕಾಕಾ,

ನೀವು ಹೋಗಿ ಎರಡು ವರ್ಷವಾಯಿತು. ಇದಕ್ಕೆ ಮೊದಲೇ ಬರೆದಿದ್ದರೆ ಕಾಗದದ ತುಂಬ ಬೈಗುಳವೇ ಇರುತ್ತಿತ್ತು. ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ಆದರೆ ನಿಮಗೊಂದು ಸುದ್ದಿ ಹೇಳಬೇಕಾಗಿದೆ. ಅದನ್ನು ಹೇಳಬೇಕಾದವಳು ನಾನೇ.

ಸಿಡ್ನಿಯ ನಿಮ್ಮ ಮನೆಗೆ ಮೊದಲ ಸಲ ಬಂದ ದಿನ ನೆನಪಿದೆಯೇ? ಒಲಿಂಪಿಕ್ಸ್ ಮುಗಿದು ಎರಡು ವರ್ಷವಾಗಿತ್ತು. ಮೆಲ್ಬರ್ನಿನಲ್ಲಿ ಓದುತ್ತಿದ್ದ ನಾನು ರಜೆಗೆಂದು ರೈಲು ಹತ್ತಿ ಬಂದಿದ್ದೆ. ಅಪ್ಪನ ತಮ್ಮ ಎಂಬುದನ್ನು ಬಿಟ್ಟರೆ ನಿಮ್ಮ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಚಹಾ ಕುಡಿದು ಮುಗಿಸುವ ಮೊದಲೇ ಎರಡು ಕಂದು ನಾಣ್ಯಗಳನ್ನು ನನ್ನ ಮುಂದಿಟ್ಟು, ಕೈಗೆ ಭೂತಗನ್ನಡಿ ಕೊಟ್ಟಿರಿ. ಎರಡೂ ಹತ್ತೊಂಬೈನೂರ ಎರಡರ ಬ್ರಿಟಿಷ್ ಪೆನ್ನಿಗಳು. ಎರಡರಲ್ಲೂ ತ್ರಿಶೂಲ ಹಿಡಿದು ಕೂತ ಬ್ರಿಟನ್ನಿನ ದೇವಿ ಬ್ರಿಟಾನಿಯಾ. "ಏನ ಫರಕ್ ಅದ ಹೇಳು," ಅಂದಿರಿ. ಹತ್ತು ನಿಮಿಷ ನೋಡಿ, "ಇದರಾಗ ಆಕಿ ಹಿಂದಿನ ಸಮುದ್ರ ಸ್ವಲ್ಪ ಕೆಳಗ ಇಳದದ," ಅಂದೆ. ನೀವು ಅಡುಗೆಮನೆಯತ್ತ ತಿರುಗಿ ಕಾಕುಗೆ ಕೂಗಿ ಹೇಳಿದಿರಿ: "ಇವಳ ಕಣ್ಣು ಅಂದ್ರ ಕಣ್ಣು ನೋಡು." ಧಾರವಾಡ ಬಿಟ್ಟ ಮೇಲೆ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಆಮೇಲಿನ ರಜೆಗಳೆಲ್ಲ ನಿಮ್ಮ ಮೇಜಿನ ಮುಂದೆಯೇ ಕಳೆದವು. ಈ ದೇಶ ತನ್ನದೇ ಪೆನ್ನಿ ಮಾಡಿಕೊಳ್ಳುವವರೆಗೆ ಇಲ್ಲಿ ಓಡಾಡಿದ್ದು ಬ್ರಿಟನ್ನಿನ ಕಂಚೇ. ಹಳೆಯ ಮನೆಗಳ ಬಿಸ್ಕತ್ತಿನ ಡಬ್ಬಿಗಳಲ್ಲಿ ಅವು ಇನ್ನೂ ಇವೆ, ಅವುಗಳಲ್ಲಿ ಅಚ್ಚಿನ ಸಣ್ಣ ವ್ಯತ್ಯಾಸ ಹುಡುಕುವುದೇ ವಿದ್ಯೆ ಎಂದು ಹೇಳಿಕೊಟ್ಟಿರಿ. ವಿಕ್ಟೋರಿಯಾ ರಾಣಿ ಕೂದಲು ಎತ್ತಿ ಕಟ್ಟಿದ ಪೆನ್ನಿಗಳಿಗೆ 'ತುರುಬಿನ ಪೆನ್ನಿ' ಎಂದು ಕನ್ನಡದಲ್ಲಿ ಹೆಸರಿಟ್ಟವರು ನೀವೇ. ನಾಣ್ಯವನ್ನು ಎಂದೂ ತೊಳೆಯಬಾರದು, ಅಂಚು ಹಿಡಿದೇ ಎತ್ತಬೇಕು. ಇದೆಲ್ಲ ನಿಮ್ಮಿಂದ ಕಲಿತದ್ದು, ಇಲ್ಲವೆನ್ನುವುದಿಲ್ಲ. ಬರಬರುತ್ತ ಫೋಟೋ ತೆಗೆಯುವುದು, ಅಳತೆ ಹಿಡಿಯುವುದು, ಪಟ್ಟಿ ಓದಿ ಹೇಳುವುದು ಎಲ್ಲ ನನ್ನ ಪಾಲಿಗೆ ಬಂತು. ನಂಬಿಕೆಯಿಂದ ಬಿಟ್ಟುಕೊಟ್ಟಿದ್ದೀರಿ ಎಂದುಕೊಂಡೆ.

ಮೆಲ್ಬರ್ನಿನ ಅಂಚಿನ ಕ್ರೇಗಿಬರ್ನ್‌ನಲ್ಲಿ ನಾವು ಮೂವರು ಹುಡುಗಿಯರು ರೆಂಟ್‌ಗಿದ್ದ ಮನೆಯ ಅಡುಗೆ ಕಟ್ಟೆಯ ಮೇಲೆ ನನಗೆ ಅದು ಸಿಕ್ಕಿತು. ಅದೇ ಬೀದಿಯ ಮುದುಕಿಯೊಬ್ಬಳು ಮನೆ ಖಾಲಿ ಮಾಡುವಾಗ ಕೊಟ್ಟ ಡಬ್ಬಿ. ಅದರಲ್ಲೊಂದು ತುರುಬಿನ ಪೆನ್ನಿ, ಇಸವಿಯ ಕೊನೆಯ ಎರಡು ಅಂಕಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಆ ವರ್ಷದ ಪೆನ್ನಿಗಳಲ್ಲಿ ಅಂಕಿಗಳು ಬಿಡಿಬಿಡಿಯಾಗಿರುತ್ತವೆ. ಒತ್ತಾದದ್ದು ಯಾವ ಪುಸ್ತಕದಲ್ಲೂ ಇಲ್ಲ. ಫೋನಿನಲ್ಲಿ ಹೇಳಿದಾಗ ನೀವು, "ಯಾರಿಗೂ ಹೇಳಬ್ಯಾಡ. ತಗೊಂಡು ಬಾ," ಅಂದಿರಿ. ಸಿಡ್ನಿಗೆ ತಂದುಕೊಟ್ಟೆ. ಭೂತಗನ್ನಡಿ ಹಿಡಿದು ಅರ್ಧ ಗಂಟೆ ಕೂತು, "ಹೌದವಾ, ನೀ ಹೇಳಿದ್ದು ಖರೆ," ಅಂದಿರಿ. ಲೇಖನವನ್ನು ನಾನೇ ಬರೆದೆ. "ಇಲ್ಲೇ ಇಟ್ಟು ಹೋಗು, ತಿದ್ದಿ ಕಳಸ್ತೀನಿ," ಎಂದಾಗ ನಾಣ್ಯವನ್ನೂ ಬರಹವನ್ನೂ ಬಿಟ್ಟು ಬಂದೆ.

ಆ ಶನಿವಾರದ ಸಭೆಯನ್ನು ಹೇಗೆ ಮರೆಯಲಿ? ನಾಣ್ಯ ಸಂಗ್ರಾಹಕರ ನಿಮ್ಮ ಕ್ಲಬ್ಬಿನಲ್ಲಿ ನೀವು ಕೋಟು ಹಾಕಿ ನಿಂತಿದ್ದಿರಿ. ಪರದೆಯ ಮೇಲೆ ನನ್ನ ಫೋಟೋಗಳು, ಬಾಯಲ್ಲಿ ನನ್ನ ವಾಕ್ಯಗಳು. ಕುರ್ಚಿಯ ಮೇಲಿದ್ದ ಕ್ಲಬ್ಬಿನ ಪತ್ರಿಕೆಯಲ್ಲಿ ನನ್ನ ಲೇಖನಕ್ಕೆ ನಿಮ್ಮ ಹೆಸರೊಂದೇ. ಅಧ್ಯಕ್ಷರು ನನ್ನತ್ತ ನೋಡಿ, "ಈ ಹುಡುಗಿ ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ನನ್ನ ಅಣ್ಣನ ಮಗಳು. ಟೈಪಿಂಗ್ ಮಾಡಿಕೊಡುತ್ತಾಳೆ," ಅಂದಿರಿ ನಗುತ್ತ. ಎಲ್ಲರೂ ನಕ್ಕರು. ನಾನೂ ನಕ್ಕೆ, ಕಾಕಾ. ಅದಕ್ಕೆ ನನ್ನ ಮೇಲೆ ನನಗೇ ಇನ್ನೂ ಸಿಟ್ಟಿದೆ.

ಮನೆಗೆ ಮರಳುವಾಗ ಕಾರಿನಲ್ಲಿ ಕೇಳಿದೆ, "ನನ್ನ ಹೆಸರು ಯಾಕ ಹಾಕಲಿಲ್ಲ?"

"ಹಾಕಿದ್ರ ಯಾರು ಓದ್ತಿದ್ರು? ನಿನ್ನೆ ಮೊನ್ನೆ ಬಂದ ಹುಡುಗಿ ಅಂತಿದ್ರು."

"ಓದದಿದ್ರೂ ಚಿಂತಿಲ್ಲ. ಕಂಡಾಕಿ ನಾನು."

"ಮನಿಯಾಗಿನ ವಸ್ತು ಮನಿಯಾಗ ಅದ. ಹೋಗಲಿ ಬಿಡು."

ಮರುದಿನವೇ ಮೆಲ್ಬರ್ನಿಗೆ ಹೊರಟೆ. ಆಮೇಲೆ ನಿಮ್ಮ ಫೋನು ಎತ್ತಲಿಲ್ಲ. ಈ ದೇಶದಲ್ಲಿ ಕಾಯಂ ನೆಲೆಸಲು ಪಿಆರ್ ಸಿಕ್ಕಿದ್ದನ್ನೂ ತಿಳಿಸಲಿಲ್ಲ. ನೀವು ಒಂದು ಕಾಗದವಾದರೂ ಬರೆಯಬಹುದಿತ್ತಲ್ಲ? 'ತಪ್ಪಾಯಿತು' ಎನ್ನುವುದು ಬೇಡ, 'ಹೇಗಿದ್ದೀ' ಎಂದಾದರೂ?

ನಿಮ್ಮ ಹನ್ನೊಂದನೆಯ ದಿನ ಕಾಕು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಎರಡು ಮಾತು ಹೇಳಿದರು. ಮೊದಲನೆಯದು, ಆ ಸಭೆಗೆ ಮುಂಚೆ ಕ್ಲಬ್ಬಿನಲ್ಲಿ ನೀವು ಹನ್ನೆರಡು ವರ್ಷ ಕಾಲ ಹಿಂದಿನ ಸಾಲಿನಲ್ಲೇ ಕೂತಿದ್ದಿರಂತೆ. ಒಂದು ದಿನವೂ ಯಾರೂ ಮಾತಾಡೆಂದು ಕರೆದಿರಲಿಲ್ಲವಂತೆ. ಎರಡನೆಯದು, "ನೀ ಆ ಪೆನ್ನಿ ತಂದಾಗ ಅವರ ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷ ಆಗಿತ್ತವಾ. ಆಪರೇಶನ್ ಮಾಡಿಸ್ಕೊಳ್ರಿ ಅಂದ್ರ ಹೆದರತಿದ್ರು. ನಿನಗ ಹೇಳಬ್ಯಾಡ ಅಂದಿದ್ರು." ನಾನು ಎದ್ದು ಹಿತ್ತಲಿಗೆ ಹೋದೆ. ಆ ಅರ್ಧ ಗಂಟೆ ನೀವು ಭೂತಗನ್ನಡಿಯಲ್ಲಿ ನೋಡಿದ್ದಾದರೂ ಏನು? ಬರೀ ಕಂದು ಬಣ್ಣವೇ? ಹಿಂದಿನ ಸಾಲು ಎಂಥದ್ದು ಎಂದು ಗೊತ್ತಿದ್ದವರು ನನ್ನನ್ನು ಅಲ್ಲಿಯೇ ಹೇಗೆ ಕೂರಿಸಿದಿರಿ? ನಿಮಗೆ ಕಾಣದ ವಸ್ತುವಿಗೆ ನಿಮ್ಮ ಹೆಸರು ಹೇಗೆ ಹಾಕಿಕೊಂಡಿರಿ?

ಇನ್ನು ಸುದ್ದಿ. ಹೋದ ತಿಂಗಳು ಕ್ಲಬ್ಬಿನ ಕಾರ್ಯದರ್ಶಿ ಫೋನು ಮಾಡಿದರು. ಕಾಕು ಆ ಪೆನ್ನಿಯನ್ನು ಕ್ಲಬ್ಬಿಗೆ ಕೊಟ್ಟಿದ್ದರಂತೆ. ಇಂಗ್ಲೆಂಡಿನಿಂದ ಬಂದ ಬಲ್ಲವರೊಬ್ಬರು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರಂತೆ. ಅದು ಹೊಸ ಬಗೆಯಲ್ಲ, ಕಾಕಾ. ಬೇರೊಂದು ವರ್ಷದ ಪೆನ್ನಿಯ ಕೊನೆಯ ಅಂಕಿಯನ್ನು ಯಾರೋ ಹಿಂದೆಂದೋ ಉಳಿಯಿಂದ ಕೆತ್ತಿ ಬದಲಿಸಿದ್ದಾರೆ. ನಾನು ಮತ್ತೆ ನನ್ನ ಫೋಟೋಗಳನ್ನು ತೆಗೆದು ನೋಡಿದೆ. ಅಂಕಿಯ ಬುಡದಲ್ಲಿ ಕೆತ್ತಿದ ಗೀರುಗಳಿವೆ. ಆಗಲೂ ಇದ್ದವು. ಸಂತೋಷದಲ್ಲಿ ನಾನು ಅವನ್ನು ನೋಡಲೇ ಇಲ್ಲ.

"ಮೃತರು ತಪ್ಪಾಗಿ ಗುರುತಿಸಿದ್ದರು ಎಂದು ತಿದ್ದುಪಡಿ ಹಾಕುತ್ತೇವೆ. ಮನೆಯವರಿಗೆ ಮೊದಲೇ ತಿಳಿಸೋಣವೆಂದು..." ಕಾರ್ಯದರ್ಶಿ ಸಂಕೋಚದಿಂದಲೇ ಹೇಳಿದರು. ಒಂದು ಗಳಿಗೆ ನನಗೆ ಖುಷಿಯಾಯಿತು. ನಿಮಗೆ ಸುಳ್ಳು ಹೇಳಲಾರೆ, ಒಳ್ಳೆಯ ಖುಷಿಯೇ ಆಯಿತು. ಬೇಕಿತ್ತಲ್ಲ ಹೆಸರು, ತೆಗೆದುಕೊಳ್ಳಿ ಅನ್ನಿಸಿತು. ಆಮೇಲೆ ಬಾಯಿ ತಾನಾಗಿ ಹೇಳಿತು: "ಅವರು ಗುರುತಿಸಿದ್ದಲ್ಲ. ನಾಣ್ಯ ಕಂಡವಳು, ಅಳೆದವಳು, ಬರೆದವಳು ನಾನು. ತಪ್ಪು ನನ್ನದು."

"ಚಿಕ್ಕಪ್ಪನ ಮರ್ಯಾದೆ ಉಳಿಸಲು ಹೀಗೆ ಹೇಳುತ್ತಿದ್ದೀರಾ?"

"ಇಲ್ಲ. ನನ್ನ ಕೈಬರಹದ ಮೊದಲ ಪ್ರತಿ ಇದೆ. ಕಳಿಸುತ್ತೇನೆ."

ಕಳಿಸಿದೆ. ಮೊನ್ನೆ ಪತ್ರಿಕೆ ಬಂತು. ಕೊನೆಯ ಪುಟದಲ್ಲಿ ನಾಲ್ಕು ಸಾಲು. ಈ ನಾಣ್ಯವನ್ನು ಹೊಸ ಬಗೆಯೆಂದು ತಪ್ಪಾಗಿ ಗುರುತಿಸಿದವರು ಮೆಲ್ಬರ್ನಿನ ಇಂಥವರು ಎಂದು ನನ್ನ ಪೂರ್ತಿ ಹೆಸರು. ಫೋನಿನಲ್ಲಿ ಓದಿ ಹೇಳಿದಾಗ ಕಾಕು ಕೇಳಿದರು, "ಅವರ ಹೆಸರು ಎಲ್ಲಿ ಅದ ಜಯಾ?" ಎಲ್ಲೂ ಇಲ್ಲ ಕಾಕೂ, ಅಂದೆ. ಅವರು ಸಮಾಧಾನದಿಂದ ಉಸಿರು ಬಿಟ್ಟರೋ, ಅತ್ತರೋ, ತಿಳಿಯಲಿಲ್ಲ. ನಿಮ್ಮ ಹೆಸರನ್ನು ನಾನು ಉಳಿಸಿದೆನೋ ಅಳಿಸಿದೆನೋ, ಅದು ನನಗೂ ಗೊತ್ತಿಲ್ಲ.

ಜಯಶ್ರೀ