ಕೆಂಪು ಎಣ್ಣೆ ಎಲ್ಲಿಗೆ ಹೋಗುತ್ತಿತ್ತು

ಮನೆಯಿಂದ,
ಸೋಮವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ತಲೆಸುತ್ತು ಕಡಿಮೆಯಾಗಿದೆ ಎಂದು ಪುಟ್ಟಿ ಫೋನಿನಲ್ಲಿ ಹೇಳಿದಳು. ಆದರೆ ಅವಳ ಮನೆಯ ಮೆಟ್ಟಿಲು ಇಳಿಯುವಾಗ ನೀನು ಗೋಡೆ ಹಿಡಿದುಕೊಳ್ಳುವುದಿಲ್ಲವಂತೆ, ಬೈದರೆ ಕೇಳಿಸಲೇ ಇಲ್ಲ ಎಂಬ ಮುಖ ಮಾಡುತ್ತೀಯಂತೆ. ನಿಮ್ಮಪ್ಪನಿಗೆ ಜ್ವರ ಬಂದು ಕಿವಿ ಹೋದದ್ದು ಹೋದ ವರ್ಷ, ಬೈಗುಳ ಕೇಳಿಸದಿರುವುದು ಹುಟ್ಟಿನಿಂದಲೇ ಇದೆ ಎಂದು ಅವಳಿಗೆ ಸಮಾಧಾನ ಹೇಳಿದೆ. ನಾವಿಲ್ಲಿ ಚೆನ್ನಾಗಿದ್ದೇವೆ. ನನ್ನ ಸೊಂಟನೋವು ಹಾಗೇ ಇದೆ, ಇವಳ ಬಾಯಿಯೂ ಹಾಗೇ ಇದೆ.

ನೀನು ಬಿಟ್ಟುಹೋದ ಕಾರಿನ ವಿಷಯಕ್ಕೆ ಬರುತ್ತೇನೆ. ಮೊದಲು ನನ್ನ ತಪ್ಪು. ಗೇರ್‌ಬಾಕ್ಸಿನ ಎಣ್ಣೆ ಭರ್ತಿ ಇದೆ ಎಂದು ಬರೆದಿದ್ದೆನಲ್ಲ, ಅದು ಬೆಳಿಗ್ಗೆ, ಕಾರು ತಣ್ಣಗೆ ನಿಂತಿರುವಾಗ ನೋಡಿದ್ದು. "ಎಂಜಿನ್ ಎಣ್ಣೆ ನೋಡಿದ ಹಾಗೆ ನೋಡಿದೆಯೇನೋ ಪೆದ್ದ? ಆಟೋಮ್ಯಾಟಿಕ್ ಕಾರು ನಿಂತಾಗ ಮೇಲಿನ ಎಣ್ಣೆಯೆಲ್ಲ ಕೆಳಗಿಳಿದು ಕೂರುತ್ತೆ, ಕಡ್ಡಿ ಸುಳ್ಳು ಹೇಳುತ್ತೆ" ಎಂದು ನೀನು ಬರೆದ ಮೇಲೆ ಅರ್ಧ ಗಂಟೆ ಓಡಿಸಿಕೊಂಡು ಬಂದು, ಎಂಜಿನ್ ಆರಿಸದೆಯೇ ಬಾನೆಟ್ ಎತ್ತಿ ಅಳತೆಕಡ್ಡಿ ಎಳೆದೆ. ತುದಿ ಮಾತ್ರ ಒದ್ದೆ. ಮೂವತ್ತು ವರ್ಷ ಬೇರೆಯವರ ಕರಡು ತಿದ್ದಿಕೊಂಡು ಬಂದವನು ನಾನು. ಕಣ್ಣಾರೆ ನೋಡಿದ್ದೂ ತಪ್ಪಾಗಿರಬಹುದು ಎಂಬುದನ್ನು ಒಂದು ಕಡ್ಡಿಯಿಂದ ಕಲಿಯಬೇಕಾಯಿತು.

ಎಣ್ಣೆ ತುಂಬಿಸಿದೆ. ಲಿವರನ್ನು ಮುಂದಕ್ಕೆ ಹೋಗುವ ಡಿ ಗೆ ತಂದರೆ ಕಾರು ಎಳೆಯುವುದಕ್ಕೆ ಮೊದಲು ನಾಲ್ಕು ಎಣಿಸುವಷ್ಟು ಹೊತ್ತು ಹಿಡಿಯುತ್ತಿತ್ತು, ಈಗ ಒಂದು. ಆದರೆ ಮೊದಲ ಗೇರಿನಿಂದ ಎರಡನೆಯದಕ್ಕೆ ಹೋಗುವುದು ಅಷ್ಟೇ ತಡ. ಅಂಚೆ ಕಚೇರಿ ದಾಟಿದ ಮೇಲೆ, ಹಿಂದಿನಿಂದ ಯಾರೋ ಗುದ್ದಿದ ಹಾಗೆ ಹೋಗುತ್ತಿತ್ತು. ನೀನು ಹೇಳಿದಂತೆ ಕಾರಿನ ಕೆಳಗೆ ರಟ್ಟು ಹಾಸಿ ಎರಡು ದಿನ ಬಿಟ್ಟೆ. ಬೆಳಗಾದರೆ ಬಗ್ಗಿ ನೋಡುತ್ತಿದ್ದೆ. "ಭಾವನ ಕಾರು ಎಳೆಮಗು ಆಯ್ತಲ್ಲ, ಕೆಳಗೆ ಹಾಸೋದು, ಒದ್ದೆ ಆಯ್ತಾ ಅಂತ ನೋಡೋದು" ಎಂದಳು ಇವಳು. ಒಂದು ಹನಿಯೂ ಬಿದ್ದಿರಲಿಲ್ಲ. ಅಷ್ಟು ಹೇಳಿದವಳನ್ನೇ ಮೂಗಿಗೆ ಸೆರಗು ಹಿಡಿಸಿ ಕಾರಿನ ಹಿಂದೆ ನಿಲ್ಲಿಸಿದೆ. ಪೆಡಲ್ ಒತ್ತಿದೆ. ಎದುರುಮನೆಯ ಹಗ್ಗದ ಮೇಲಿನ ಬಟ್ಟೆ ಕಾಣದಷ್ಟು ಬಿಳಿ ಹೊಗೆ. ಕಡ್ಡಿ ನೋಡಿದರೆ ಎಣ್ಣೆ ಮತ್ತೆ ಇಳಿದಿತ್ತು.

ಇಷ್ಟನ್ನು ಬರೆದು ಹಾಕಿದ್ದಕ್ಕೆ ನಿನ್ನ ಉತ್ತರ ಐದೇ ಸಾಲು. "ನೆಲಕ್ಕೆ ಬೀಳದ ಎಣ್ಣೆ ಎಲ್ಲಿಗೋ ಹೋಗಲೇಬೇಕು. ಗೇರ್‌ಬಾಕ್ಸಿನ ಪಕ್ಕದಲ್ಲಿ ಬಿಸ್ಕತ್ತಿನಷ್ಟಗಲದ ತಗಡಿನ ಡಬ್ಬಿ ಇದೆ, ಗೇರು ಯಾವಾಗ ಬದಲಾಗಬೇಕೆಂದು ಹೇಳುವುದು ಅದೇ. ಅದರಿಂದ ಎಂಜಿನ್ನಿಗೆ ಒಂದು ರಬ್ಬರ್ ಕೊಳವೆ ಹೋಗುತ್ತೆ, ಅದರಲ್ಲಿ ಗಾಳಿ ಮಾತ್ರ ಇರಬೇಕು. ಕಳಚಿ ನೋಡು. ಒಣಗಿದ್ದರೆ ನಾನು ಹೇಳಿದ್ದೆಲ್ಲ ತಪ್ಪು."

ಶನಿವಾರ ಕಾರನ್ನು ನಿನ್ನ ವರ್ಕ್‌ಶಾಪಿಗೇ ಒಯ್ದೆ. ನಿನ್ನ ಪಾಲುದಾರ, ನಮ್ಮ ಮೈಕು, ಬಾಗಿಲಲ್ಲೇ ಶುರು ಮಾಡಿದ. ಎರಡು ಸಲ ಹೇಳಿದೀನಿ ಸ್ವಾಮೀ, ಗೇರ್‌ಬಾಕ್ಸ್ ಸತ್ತಿದೆ, ಹೆಣಕ್ಕೆ ಯಾಕೆ ಸ್ನಾನ ಮಾಡಿಸ್ತೀರಿ ಅಂದ. ಅವನ ಗಂಟಲು ನಿನಗೇ ಗೊತ್ತು, ಬೀದಿಯ ಆ ಕೊನೆಯವರೂ ತಿರುಗಿ ನೋಡಿದರು. ಆ ಕೊಳವೆ ಒಂದನ್ನು ಬಿಚ್ಚು ಎಂದು ಕೇಳಿಕೊಂಡೆ. ಗೊಣಗುತ್ತಲೇ ಕಾರಿನಡಿ ತೂರಿ ಬಿಚ್ಚಿದ. ಅಂಗೈ ತುಂಬ ಕೆಂಪು ಎಣ್ಣೆ ಸುರಿಯಿತು. ಡಬ್ಬಿಯೊಳಗಿನ ತೆಳು ಪೊರೆ ಹರಿದಿತ್ತು. ಎಂಜಿನ್ನು ಇಷ್ಟು ದಿನ ಗೇರ್‌ಬಾಕ್ಸಿನ ಎಣ್ಣೆಯನ್ನೇ ಹೀರಿ ಸುಡುತ್ತಿತ್ತು. ಮೈಕು ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ, ನಾನು ಈವರೆಗೆ ಕೇಳಿರದಷ್ಟು ಮೆಲ್ಲಗೆ, ಯಾರು ಹೇಳಿದ್ದು ಎಂದು ಕೇಳಿದ. ಅಣ್ಣ ಅಂದೆ. ಅವರಿಗೆ ಫೋನ್ ಕೇಳಿಸಲ್ಲವಲ್ಲ? ಕಾಗದ ಬರೆದಿದ್ದೆ. ಕಾಗದದಲ್ಲಿ ಗೇರ್‌ಬಾಕ್ಸ್ ನೋಡಿದರಾ? ಹೌದು. ಅವನು ಕೈ ಒರೆಸಿಕೊಂಡು ಹೊಸ ಡಬ್ಬಿ ಹುಡುಕಲು ಒಳಗೆ ಹೋದ. ಒಂದು ಗಂಟೆಯ ಕೆಲಸ. ಈಗ ಅಂಚೆ ಕಚೇರಿಗೆ ಬಹಳ ಮುಂಚೆಯೇ ಗೇರು ಬದಲಾಗುತ್ತದೆ. ಯಾವಾಗ ಬದಲಾಯಿತು ಎಂದು ಕೂತವನಿಗೆ ಗೊತ್ತೇ ಆಗುವುದಿಲ್ಲ.

ಅಣ್ಣಾ, ಇನ್ನೊಂದನ್ನೂ ಹೇಳಿಬಿಡಬೇಕು. ನಾನು ಮೊದಲ ಪತ್ರ ಬರೆದ ದಿನವೇ ಆ ಕಾರನ್ನು ಗುಜರಿಯವನಿಗೆ ಕೊಡುತ್ತೇನೆಂದು ಮಾತಾಡಿ ಆಗಿತ್ತು. ಕಿವಿ ಹೋದವನಿಗೆ ಗೇರ್‌ಬಾಕ್ಸ್ ಕೆಲಸವಿಲ್ಲ ಎಂದು ನೀನೇ ತೀರ್ಮಾನಿಸಿದ್ದೆ. ವರ್ಕ್‌ಶಾಪಿನ ನಿನ್ನ ಪಾಲನ್ನು ಮೈಕುವಿಗೆ ಬಿಟ್ಟುಕೊಡಲು ಒಪ್ಪಿದ್ದೆ, ಬರುವ ಭಾನುವಾರ ಸಹಿ ಎಂದೂ ಗೊತ್ತಾಗಿತ್ತು. ಮಗಳ ಮನೆಯ ಕಿಟಕಿಯಲ್ಲಿ ಸುಮ್ಮನೆ ಕೂತಿರುವವನಿಗೆ ಹೊತ್ತು ಹೋಗಲಿ ಎಂದು ಕಾರಿನ ರೋಗವನ್ನು ವರ್ಣಿಸಿ ಬರೆದೆ. ನಿನ್ನ ಉತ್ತರದಂತೆ ನಡೆಯುವ ಇರಾದೆ ನನಗಿರಲಿಲ್ಲ. ಪತ್ರದ ಅರ್ಧ ಪುಟ ಕಾರಿನ ಶಬ್ದದ ಬಗ್ಗೆಯೇ ಇತ್ತು, ನೆನಪಿದೆಯಾ? ಗುಂಯ್ ಎನ್ನುತ್ತದೆ, ಕೊರಗುತ್ತದೆ, ಹೀಗೆಲ್ಲ. ಕೇಳಿಸದವನಿಗೆ ಶಬ್ದವನ್ನು ಕೊಡುತ್ತಿದ್ದೇನೆ ಎಂದು ಒಳಗೊಳಗೇ ಬೀಗಿದ್ದೆ. "ಶಬ್ದದ ವಿಷಯ ಬರೆಯಬೇಡ. ಎಷ್ಟು ಹೊತ್ತು ಹಿಡಿಯಿತು, ಅದನ್ನು ಬರೆ" ಎಂದು ನೀನು ತಿರುಗಿ ಬರೆದೆ. ಆ ಸಾಲನ್ನು ಓದಿದಾಗ ಕಿವಿ ಬಿಸಿಯಾಯಿತು. ಗುಜರಿಯವನಿಗೆ ಒಂದು ವಾರ ತಡಿ ಎಂದದ್ದು ಅವತ್ತೇ.

ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗಿಟ್ಟು ನೀನು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಸುತ್ತ ನಿಂತ ನಾವೆಲ್ಲ ಆ ಕಿವಿಯನ್ನೇ ನೋಡುತ್ತಿದ್ದೆವು. ನೀನೂ ಅದನ್ನೇ ನಂಬಿಕೊಂಡೆ. ಆದರೆ ಕೇಳಿಸಿಕೊಂಡದ್ದನ್ನು ನಿನ್ನೊಳಗೆ ಒಬ್ಬ ಅನುಮಾನಿಸುತ್ತಿದ್ದ, ಎಣಿಸುತ್ತಿದ್ದ, ಇದಲ್ಲದಿದ್ದರೆ ಇನ್ನೇನು ಎಂದು ಕೇಳುತ್ತಿದ್ದ. ಅವನಿಗೆ ಯಾವ ಜ್ವರವೂ ಬಂದಿಲ್ಲ. ಇದನ್ನು ಚೆನ್ನಾಗಿ ಹೇಳಲು ನನಗೆ ಬರುತ್ತಿಲ್ಲ. ಎರಡು ಸಲ ಹೊಡೆದು ಹಾಕಿ ಮೂರನೆಯ ಸಲ ಬರೆದದ್ದು ಇದು.

ಪುಟ್ಟಿಗೆ ಚಿಕ್ಕಪ್ಪನ ಆಶೀರ್ವಾದ ಹೇಳು. ಇವಳ ನಮಸ್ಕಾರ ನಿನಗೆ. ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗು, ಮೆಟ್ಟಿಲಲ್ಲಿ ಗೋಡೆ ಹಿಡಿದುಕೋ.

ನಿನ್ನ
ತಮ್ಮ

ಲಕೋಟೆ ಅಂಟಿಸುವ ಮುಂಚೆ ಇಷ್ಟು: ಭಾನುವಾರ ಸಹಿ ಹಾಕಬೇಡ ಎನ್ನಲು ನಾನು ಯಾರು? ಆದರೆ ವರ್ಕ್‌ಶಾಪಿನ ಹಿಂಬದಿಯಲ್ಲಿ ಹದಿನೆಂಟು ದಿನದಿಂದ ಒಂದು ಬೂದುಬಣ್ಣದ ವ್ಯಾನು ನಿಂತಿದೆ. ಮೈಕು ನಿನಗೆ ಅದರ ಸುದ್ದಿ ತಿಳಿಸುವುದಿಲ್ಲ, ಅವನಿಗೆ ಬಗೆಹರಿದಿಲ್ಲ. ಇವತ್ತು ಬೆಳಿಗ್ಗೆ ಕೀಲಿ ಕೇಳಿ ಇಸಕೊಂಡು ನಾನೇ ಕೂತು ನೋಡಿದೆ. ತಣ್ಣಗಿರುವಾಗ ರಿವರ್ಸಿಗೆ ಹಾಕಿದರೆ ತಕ್ಷಣ ಹಿಂದಕ್ಕೆ ಹೋಗುತ್ತದೆ. ಡಿ ಗೆ ಹಾಕಿದರೆ ಎಂಜಿನ್ ಏರುತ್ತದೆ, ವ್ಯಾನು ಕದಲುವುದಿಲ್ಲ. ಇಪ್ಪತ್ತು ನಿಮಿಷ ಬಿಸಿಯಾದ ಮೇಲೆ ಏನೂ ಆಗಿಲ್ಲವೆಂಬಂತೆ ಮುಂದಕ್ಕೂ ಹೋಗುತ್ತದೆ. ಎಣ್ಣೆಗೆ ಸುಟ್ಟ ವಾಸನೆ ಇಲ್ಲ. ಇನ್ನೇನು ನೋಡಲಿ? ಅಂಚೆಗೆ ಕಾಯಬೇಡ, ಪುಟ್ಟಿಯ ಕೈಲಿ ಫೋನು ಮಾಡಿಸು.