ಆಗಸ್ಟಿನ ನೀರು

ಏಪ್ರಿಲ್ 27, ಭಾನುವಾರ. ಬೆಳಿಗ್ಗೆ ಆರು

ಮತ್ತೆ ಹಿಮ. ಹಾಲಿನ ಖಾಲಿ ಡಬ್ಬಿಗಳಿಗೆ ಬಿಸಿನೀರು ತುಂಬಿ ಪ್ಲಾಸ್ಟಿಕ್ ಗೂಡಿನೊಳಗೆ ಸಸಿಯ ಸುತ್ತ ಇಟ್ಟು ಬಂದೆ. ಮಣ್ಣಿನಡಿಯ ಕರೆಂಟ್ ತಂತಿ ಬೆಚ್ಚಗಿದೆ. ಈ ಮನೆಯಲ್ಲಿ ರಾತ್ರಿ ಬೆಚ್ಚಗೆ ನಿದ್ದೆ ಮಾಡಿದ್ದು ಆ ಕುಂಬಳದ ಸಸಿ ಒಂದೇ.

ಅಕ್ಟೋಬರಿನ ದೈತ್ಯ ಕುಂಬಳಕಾಯಿ ಸ್ಪರ್ಧೆಗೆ ಬೆಳೆಯುವವರು ಈಗಿನ್ನೂ ಬೀಜ ನೆನೆಸುತ್ತಿದ್ದಾರೆ. ನಮ್ಮ ಕೌಂಟಿ ಮೇಳದ ತೂಕದ ಸ್ಪರ್ಧೆ ಆಗಸ್ಟಿನಲ್ಲಿ. ವಿಸ್ಕಾನ್ಸಿನ್ನಿನ ಚಳಿಯಲ್ಲಿ ಗಿಡಕ್ಕೆ ಸುಳ್ಳು ಹೇಳಬೇಕು — ಬೇಸಿಗೆ ಬಂತು, ಏಳು, ಬೆಳೆ ಎಂದು. ಇಪ್ಪತ್ತೆರಡು ವರ್ಷ ಆ ಸುಳ್ಳನ್ನು ನನ್ನ ಗಂಡ ಹಾರ್ಲನ್ ಹೇಳಿದ. ಈ ವರ್ಷ ನಾನು.

ಹಾರ್ಲನ್ ಒಳಗಿನಿಂದ ಕಿಟಕಿಯ ಗಾಜಿಗೆ ಚಮಚದಲ್ಲಿ ಬಡಿದ. ಗೂಡಿನ ಬಾಗಿಲು ಒಂದು ಬೆರಳಷ್ಟು ತೆರೆದಿತ್ತಂತೆ. ಮಾರ್ಚಿನಲ್ಲಿ ಅವನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಹೋಯಿತು. ಮಾತೂ ಹೋಯಿತು. ಉಳಿದದ್ದು ಮೂರು ಪದ. ಬೇಡ. ನೀರು. ಕತ್ತೆ. ದೇವರಿಗೆ ಅಷ್ಟು ದೊಡ್ಡ ಮಾತಿನ ಗೋಣಿಯೊಳಗಿಂದ ಉಳಿಸಲು ಸಿಕ್ಕಿದ್ದು ಅದೇ ನೋಡಿ.

"ಕತ್ತೆ," ಎಂದ. ಹೋಗಿ ಬಾಗಿಲು ಹಾಕಿ ಬಂದೆ.

ಮೇ 11, ಭಾನುವಾರ

ವ್ಯಾಯಾಮ ಮಾಡಿಸಲು ಬರುವ ಹುಡುಗಿ ರೆನ್ನಿ ಹೇಳಿದಳು: "ಅವ್ರಿಗೆ ಏನಾದ್ರೂ ಒಂದ್ರ ಮೇಲೆ ಆಸೆ ಇರ್ಬೇಕು ನೋಡಿ. ಕುಂಬಳಕಾಯಿ ಅಂದ್ರೆ ಕಣ್ಣು ಹೊಳಿಯತ್ತೆ. ಬಿಡ್ಬೇಡಿ."

ಬಿಟ್ಟಿಲ್ಲವಲ್ಲ. ಕರುಣೆಯಿಂದಲೇ ಶುರು ಮಾಡಿದೆ, ಅದನ್ನು ಇಲ್ಲಿ ಬರೆದಿಡುತ್ತೇನೆ. ಲಕ್ವ ಹೊಡೆದ ದಿನ ಬೀಜ ಒದ್ದೆ ಬಟ್ಟೆಯಲ್ಲಿ ಮೊಳಕೆ ಬಿಡುತ್ತಿತ್ತು. ಆಸ್ಪತ್ರೆಯಿಂದ ಬಂದ ಸಂಜೆ ಅದನ್ನು ಕಸಕ್ಕೆ ಹಾಕಬಹುದಿತ್ತು. ಮಣ್ಣಿಗೆ ಹಾಕಿದೆ.

ಮೊದಲೆಲ್ಲ ಆ ಕುಂಬಳದ ಮಡಿಯೊಳಗೆ ನನಗೆ ಪ್ರವೇಶವಿರಲಿಲ್ಲ. "ನಿನ್ನ ಕಾಲು ಬಳ್ಳಿಗೆ ಆಗಲ್ಲ" ಎನ್ನುತ್ತಿದ್ದ. ಬೇಲಿಯಾಚೆಯಿಂದ ಕಾಫಿ ಕೊಡಬೇಕು, ಕಪ್ಪು ವಾಪಸು ಪಡೆಯಬೇಕು. ಒಂದು ಮಾತು ಕಲಿಸಿದವನಲ್ಲ. ಪಕ್ಕದ ಹೊಲದ ಡ್ವೇನ್‌ಗೆ ಎಲ್ಲ ಕಲಿಸಿದ — ಪ್ರತಿ ವರ್ಷ ಎರಡನೇ ಬಹುಮಾನ ತೆಗೆದುಕೊಳ್ಳಲು ಒಬ್ಬ ಬೇಕಿತ್ತಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ಅವನು ಗಾಜಿನಾಚೆ, ನಾನು ಮಡಿಯೊಳಗೆ.

ಜೂನ್ 8, ಭಾನುವಾರ. ಬೆಳಿಗ್ಗೆ ಐದೂವರೆ

ಹೆಣ್ಣುಹೂ ಅರಳಿತು! ನಿನ್ನೆ ಸಂಜೆಯೇ ಮೊಗ್ಗಿಗೆ ಬಟ್ಟೆ ಕಟ್ಟಿದ್ದೆ, ಜೇನುಹುಳು ಮೊದಲು ಹೊಗದಿರಲಿ ಎಂದು. ಗಂಡುಹೂವಿನ ದಳ ಕಿತ್ತು, ಒಳಗಿನ ಪುಡಿಯನ್ನು ಮೆಲ್ಲಗೆ ಸವರಿದೆ. ಮತ್ತೆ ಬಟ್ಟೆ ಕಟ್ಟಿದೆ. ಚರ್ಚಿಗೆ ಹೋಗಲಿಲ್ಲ.

ಅಮ್ಮನನ್ನು ಮಣ್ಣು ಮಾಡಿದ್ದು ಇಂಥದೇ ಒಂದು ಬೆಳಿಗ್ಗೆ. ಹಾರ್ಲನ್ ಬರಲಿಲ್ಲ. "ಹೂ ಇವತ್ತೊಂದಿನ ಮಾತ್ರ ಅರಳಿರತ್ತೆ ಆರ್ಡಿಸ್. ನಿಮ್ಮಮ್ಮ ನಾಳೆನೂ ಅಲ್ಲೇ ಇರ್ತಾಳೆ" ಎಂದಿದ್ದ. ತಮಾಷೆಗೆ ಹೇಳಿದ್ದಲ್ಲ, ಲೆಕ್ಕಾಚಾರ ಹೇಳಿದ್ದು. ಇವತ್ತು ಆ ಹೂವಿನ ಮುಂದೆ ಮಂಡಿಯೂರಿದಾಗ ಅವನ ಮಾತು ಅರ್ಥವಾಯಿತು. ಅರ್ಥವಾಯಿತೆಂದು ಇನ್ನೂ ಜಾಸ್ತಿ ಸಿಟ್ಟು ಬಂತು.

ಜೂನ್ 19, ಗುರುವಾರ

ಎರಡು ಕಾಯಿ ಕಚ್ಚಿವೆ. ಒಂದೇ ಇರಬೇಕು. ಇನ್ನೊಂದನ್ನು ಕೊಯ್ದರೇ ಗಿಡದ ಬಲವೆಲ್ಲ ಒಂದಕ್ಕೆ.

ಗಾಲಿಕುರ್ಚಿಯನ್ನು ಹಲಗೆಯ ಮೇಲೆ ತಳ್ಳಿಕೊಂಡು ಮಡಿಯೊಳಗೆ ಕರೆತಂದೆ. ಮಾರ್ಚಿನಿಂದ ಮೊದಲ ಸಲ. ಮಣ್ಣಿನ ವಾಸನೆಗೆ ಅತ್ತ. ಎಡಗೈ ಎತ್ತಿ ಬೇರಿಗೆ ಹತ್ತಿರದ ಉದ್ದನೆಯ ಕಾಯಿ ತೋರಿಸಿದ. ಅದನ್ನು ಉಳಿಸು ಅಂತ.

ಚಾಕು ತೆಗೆದೆ. ಅವನು ತೋರಿಸಿದ್ದನ್ನೇ ಕೊಯ್ದೆ.

"ಬೇಡ! ಬೇಡ ಬೇಡ ಬೇಡ!"

"ಆಯ್ತಲ್ಲ ಹಾರ್ಲನ್, ಇನ್ನೇನ್ ಅಂಟಿಸೋಕಾಗತ್ತಾ?" ಎಂದು ಕೊಯ್ದ ಕಾಯನ್ನು ಅವನ ತೊಡೆಯ ಮೇಲಿಟ್ಟೆ. ಮನೆಯವರೆಗೂ ಹಾಗೇ ಹಿಡಿದುಕೊಂಡಿದ್ದ.

ಉಳಿಸಿದ್ದು ದುಂಡನೆಯದು, ತೊಟ್ಟಿನ ಸುತ್ತ ಭುಜ ಎತ್ತರ, ಕಾಯಿ ಉಬ್ಬಿದರೂ ತೊಟ್ಟು ಬಿಗಿಯದಷ್ಟು ಸಡಿಲ. ಅದೇ ಒಳ್ಳೆಯದೆಂದು ನನಗೆ ಖಂಡಿತ ಗೊತ್ತಿತ್ತು. ಕೊಯ್ಯುವಾಗ ಬಹಳ ಖುಷಿಯಾಯಿತು. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಯಾಕೆ?

ಜುಲೈ 13, ಭಾನುವಾರ

ಬರೆಯಲು ಪುರುಸೊತ್ತಿಲ್ಲ. ಕಾಯಿ ದಿನಕ್ಕೆ ಒಂದು ದೊಡ್ಡ ನಾಯಿಯಷ್ಟು ತೂಕ ಏರುತ್ತಿದೆ. ಬಿಸಿಲಿಗೆ ಸಿಪ್ಪೆ ಗಟ್ಟಿಯಾಗದಿರಲೆಂದು ಮೇಲೆ ಮಂಚದ ಹಳೆಯ ಹಾಸುಬಟ್ಟೆ ಹೊದಿಸಿದ್ದೇನೆ — ನಮ್ಮ ಮದುವೆಗೆ ಅವನ ಅಮ್ಮ ಕೊಟ್ಟದ್ದು. ಬಳ್ಳಿಯ ಗೆಣ್ಣುಗಳಿಗೆಲ್ಲ ಮಣ್ಣು ಮುಚ್ಚಿದೆ, ಪ್ರತಿ ಗೆಣ್ಣಿನಲ್ಲೂ ಬೇರು. ಬೆನ್ನು ಹೋಯಿತು. ನಿದ್ದೆ ಮಾತ್ರ ಚೆನ್ನಾಗಿ ಬರುತ್ತದೆ.

ಡ್ವೇನ್ ಬಂದ. ಬಾಯಲ್ಲಿ ಹಲ್ಲುಕಡ್ಡಿ. ಬಟ್ಟೆ ಎತ್ತಿ ನೋಡಿ ಶಿಳ್ಳೆ ಹೊಡೆದ.

"ಗಂಡನಿಗಿಂತ ಚೆನ್ನಾಗ್ ಬೆಳ್ಸಿದೀಯಲ್ಲೇ ಆರ್ಡಿಸ್! ಅವನ ಮುಂದೆ ಮಾತ್ರ ಹೇಳ್ಬೇಡ, ಇನ್ನೊಂದ್ ಸಲ ಲಕ್ವ ಹೊಡ್ದೀತು."

"ಹೇಳ್ತೀನಿ ಇರು."

"ನೀನ್ ಹೇಳೋಳೇ ಬಿಡು," ಎಂದು ನಕ್ಕ.

ಜುಲೈ 27, ಭಾನುವಾರ

ಹೇಳಿದೆ.

ಅವನಿಗೆ ಊಟ ಮಾಡಿಸುತ್ತಿದ್ದೆ. ಕಿಟಕಿಯಾಚೆ ಕೊಟ್ಟಿಗೆಯ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಅವನೇ ಬರೆದದ್ದಿದೆ: ಹಾರ್ಲನ್ ಟ್ವೇಟ್, 912 ಪೌಂಡ್. ಆಗಸ್ಟ್ ಮೇಳದಲ್ಲಿ ಅದನ್ನು ಇಂದಿಗೂ ಯಾರೂ ದಾಟಿಲ್ಲ. ಚಮಚ ಕಿತ್ತುಕೊಂಡು ಆ ಕಡೆಗೂ ತನ್ನ ಎದೆಗೂ ತೋರಿಸಿದ. ಈ ವರ್ಷದ್ದೂ ತನ್ನ ಹೆಸರಿಗೆ ಎಂದರ್ಥ.

"ಇಲ್ಲ ಹಾರ್ಲನ್. ನನ್ನ ಹೆಸರಿಗೆ. ಆರ್ಡಿಸ್ ಟ್ವೇಟ್. ನಿನ್ನ ದಾಖಲೆ ಮುರ್ದು, ಆ ಬಾಗ್ಲಿಗೆ ಬಣ್ಣ ಬಳ್ದು, ನನ್ನ ಹೆಸರು ಬರೀತೀನಿ. ಕಿಟಕಿಯಿಂದ ಚೆನ್ನಾಗಿ ಕಾಣ್ಸತ್ತೆ ನಿಂಗೆ."

ಬಾಯಲ್ಲಿದ್ದದ್ದು ಗಲ್ಲದ ಮೇಲೆ ಇಳಿಯಿತು. ಒರೆಸಲಿಲ್ಲ. ಪಾತ್ರೆ ತೊಳೆದು ಬಂದು ಆಮೇಲೆ ಒರೆಸಿದೆ.

ಬೈಯಲಿಲ್ಲ. ಅವನಿಗೆ ಉಳಿದಿರುವ ಬೈಗುಳ ಒಂದೇ, ಅದನ್ನೂ ಖರ್ಚು ಮಾಡಲಿಲ್ಲ.

ಆಗಸ್ಟ್ 10, ಭಾನುವಾರ

ಟೇಪ್ ಹಿಡಿದು ಮೂರು ಕಡೆ ಅಳೆದೆ. ಅಳತೆಯಿಂದ ತೂಕ ಅಂದಾಜಿಸುವ ಪಟ್ಟಿಯ ಪ್ರಕಾರ 868 ಪೌಂಡ್. ಮೇಳ 23ಕ್ಕೆ. ಆದರೆ ಕಾಯಿ ನಿಧಾನವಾಗಿದೆ. ದಿನಕ್ಕೆ ಎರಡು ಪೌಂಡ್, ಮೂರು ಪೌಂಡ್. ಹೀಗೇ ಆದರೆ ಬಹುಮಾನ ಬರುತ್ತದೆ, ಡ್ವೇನ್‌ದು ಇನ್ನೂ ಎಂಟುನೂರರ ಕೆಳಗಿದೆ. ಆದರೆ 912 ದಾಟುವುದಿಲ್ಲ. ಬಹುಮಾನ ಯಾರಿಗೆ ಬೇಕು? ನನಗೆ ಬೇಕಾದ್ದು ಆ ಬಾಗಿಲು.

ನೀರು ಹೆಚ್ಚು ಬಿಡಲೋ? ಎರಡು ವಾರದಿಂದ ಮಳೆಯಿಲ್ಲ, ನಾನೂ ಕೊಂಚವೇ ಬಿಡುತ್ತಿದ್ದೆ. ಆಗಸ್ಟಿನಲ್ಲಿ ಹಾರ್ಲನ್ ಏನು ಮಾಡುತ್ತಿದ್ದನೋ ಬೇಲಿಯಾಚೆಯವಳಿಗೆ ಏನು ಗೊತ್ತು.

ಡ್ವೇನ್‌ನನ್ನು ಕೇಳಿದೆ. "ಮೇಳ ಮುಗಿಯೋವರ್ಗೂ ನಾನು ನಿನ್ನ ಎದುರಾಳಿ ಕಣಮ್ಮ. ಆಮೇಲೆ ಬಾ, ಬಿಯರ್ ಕುಡಿತಾ ಹೇಳ್ತೀನಿ."

ಆಗಸ್ಟ್ 13, ಬುಧವಾರ

ಸೋತು ಹಾರ್ಲನ್‌ನನ್ನೇ ಕೇಳಿದೆ. ಮಂಚದ ಪಕ್ಕ ಕೂತು, ಮದುವೆಯಾದ ಮೂವತ್ತಾರು ವರ್ಷದಲ್ಲಿ ಮೊದಲ ಸಲ.

"ಇನ್ನೂ ಬೆಳೀಬೇಕು. ಏನ್ ಮಾಡ್ಲಿ? ಗೊತ್ತಿದ್ರೆ ಹೇಳು. ನಂಗೆ ಗೊತ್ತಾಗ್ತಿಲ್ಲ."

ಬಹಳ ಹೊತ್ತು ನೋಡಿದ. ಎಡಗೈ ಚಾಚಿ ನನ್ನ ಕೈ ಹಿಡಿದ. ಹೆಬ್ಬೆರಳಿನಿಂದ ನನ್ನ ಅಂಗೈಯ ಬೊಬ್ಬೆಗಳನ್ನು ಒಂದೊಂದಾಗಿ ಸವರಿದ. ಆಮೇಲೆ ತಗ್ಗಿದ ದನಿಯಲ್ಲಿ, "ನೀರು." ಕೈಯನ್ನು ಅಗಲ ಮಾಡಿ ತೋರಿಸಿದ. ತುಂಬ. "ನೀರು, ನೀರು."

ಅತ್ತುಬಿಟ್ಟೆ. ಬಾಗಿಲ ಬಣ್ಣದ ಮಾತು ಆಡಬಾರದಿತ್ತು. ನಾಳೆ ಕ್ಷಮೆ ಕೇಳುತ್ತೇನೆ. ಇಬ್ಬರ ಹೆಸರನ್ನೂ ಬರೆಯಬಹುದಲ್ಲ? ಆರ್ಡಿಸ್ ಮತ್ತು ಹಾರ್ಲನ್. ಹಾರ್ಲನ್ ಮತ್ತು ಆರ್ಡಿಸ್. ಯಾವುದಾದರೂ ಸರಿ.

ಮಡಿಯ ನಲ್ಲಿ ಪೂರ್ತಿ ತಿರುಗಿಸಿ ಬಂದಿದ್ದೇನೆ.

ಆಗಸ್ಟ್ 15, ಶುಕ್ರವಾರ

ಎರಡು ದಿನದಲ್ಲಿ ಇಪ್ಪತ್ತು ಪೌಂಡ್! ನೀರು ನಿಲ್ಲಿಸಿಲ್ಲ. ಹಾರ್ಲನ್‌ಗೆ ಹೇಳಿದಾಗ ತಲೆಯಾಡಿಸಿದ. ಅವನಿಗೆ ಇಷ್ಟದ ಕಡುಬು ಮಾಡಿದೆ, ಒಣದ್ರಾಕ್ಷಿ ಹಾಕಿ. ಎರಡು ತಿಂದ. ಕ್ಷಮೆ ಕೇಳಿದೆ. ಕೆನ್ನೆ ತಟ್ಟಿದ.

ಆಗಸ್ಟ್ 16, ಶನಿವಾರ

ಒಡೆಯಿತು.

ಬೆಳಗಿನ ಜಾವ ಚಳಿಗಾಲದ ಕೆರೆಯ ಮಂಜುಗಡ್ಡೆ ಸೀಳಿದ ಹಾಗೆ ಸದ್ದು. ಬರಿಗಾಲಲ್ಲೇ ಓಡಿದೆ. ತೊಟ್ಟಿನಿಂದ ನೆಲದವರೆಗೆ ಬಿರುಕು. ನನ್ನ ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಒಳಗೆ ಬೆಚ್ಚಗಿತ್ತು. ಟೊಳ್ಳಿನವರೆಗೆ ತೂತಾದ ಕಾಯನ್ನು ತಕ್ಕಡಿಗೆ ಹತ್ತಿಸುವುದಿಲ್ಲ, ಅದು ಮೇಳದ ನಿಯಮ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನನ್ನ ಕೂಗು ಕೇಳಿ ಡ್ವೇನ್ ಬೇಲಿ ಹಾರಿ ಬಂದ. ನೆಲದ ಕೆಸರು ನೋಡಿದ. ಹಲ್ಲುಕಡ್ಡಿ ಉಗುಳಿದ.

"ನೀರ್ ಬಿಟ್ಯಾ? ಆಗಸ್ಟಲ್ಲಿ? ಇಷ್ಟು ಒಣಗಿಸಿ ಆದ್ಮೇಲೆ? ಯಾರ್ ಹೇಳಿದ್ದು ನಿಂಗೆ?"

"ಹಾರ್ಲನ್."

ಅವನು ಬಗ್ಗಿ ಒಂದು ಹಿಡಿ ಕೆಸರು ಹಿಂಡಿ ನೋಡಿದ. ಆಮೇಲೆ ನನ್ನ ಮುಖ ನೋಡದೆ ಹೇಳಿದ: "ಆಗಸ್ಟ್ ಬಂತು ಅಂದ್ರೆ ಸಿಪ್ಪೆ ಬಲ್ತಿರತ್ತೆ, ಒಂದೇ ಸಲ ನೀರ್ ಕುಡಿಸಿದ್ರೆ ಒಳಗಡೆ ಉಬ್ಬಿ ಸಿಡಿಯತ್ತೆ. ನಂಗೆ ಅವ್ನು ಮೊದಲ್ನೇ ವರ್ಷ ಕಲ್ಸಿದ್ದೇ ಇದು ಆರ್ಡಿಸ್. ಮೊದಲ್ನೇ ಪಾಠ."

ಒಳಗೆ ಹೋದೆ. ಬಾಗಿಲಲ್ಲಿ ನಿಂತಿದ್ದೆ, ಅಷ್ಟೇ. ಹಾರ್ಲನ್ ಎಡಗೈಯಿಂದ ಕಂಬಳಿ ಎಳೆದು ಮುಖ ಮುಚ್ಚಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಂಬಳಿಯ ಕೆಳಗೆ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆಂದುಕೊಂಡೆ. ಕಂಬಳಿ ಎಳೆದೆ.

ನಗುತ್ತಿದ್ದ. ಅರ್ಧ ಬಾಯಲ್ಲಿ.

ಆಗಸ್ಟ್ 23, ಶನಿವಾರ. ಸಂಜೆ

ಹೋಗಬಾರದೆಂದುಕೊಂಡಿದ್ದೆ. ಡ್ವೇನ್ ವ್ಯಾನ್ ತಂದು ನಿಲ್ಲಿಸಿದ, ಹಾರ್ಲನ್‌ಗೆ ಇಸ್ತ್ರಿ ಮಾಡಿದ ಅಂಗಿ ಬೇಕಾಯಿತು. ತೊಡಿಸಿದೆ.

ಡ್ವೇನ್‌ಗೆ ಮೊದಲ ಬಹುಮಾನ, 797. ಆದರೆ ಮೈಕಿನವನು ಮೊದಲು ಹೇಳಿದ್ದು ಹೀಗೆ: "ನಮ್ಮ ಹಾರ್ಲನ್ ಟ್ವೇಟ್ ಅವರ ಕಾಯಿ ಕೊನೇ ವಾರದಲ್ಲಿ ಒಡೆದುಹೋಯ್ತು. ಈ ಸ್ಥಿತೀಲೂ ಬೆಳೆಸಿದ ಛಲಕ್ಕೆ ಒಂದು ಚಪ್ಪಾಳೆ!" ಹಂದಿಗಳ ಚಪ್ಪರದವರೂ ಎದ್ದು ಬಂದು ತಟ್ಟಿದರು. ಹಾರ್ಲನ್ ತಲೆ ತಗ್ಗಿಸಿ ಸ್ವೀಕರಿಸಿದ. ಕಣ್ಣಲ್ಲಿ ನೀರು ಬೇರೆ.

ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಇಲ್ಲ, ಒಬ್ಬಳು ಕರೆದಳು. ಚರ್ಚಿನ ಇಡೆಲ್, ಪೈ ಮಾರುವವಳು.

"ಪಾಪ, ಎಷ್ಟು ಆಸೆ ಇಟ್ಕೊಂಡಿದ್ನೋ ಹಾರ್ಲನ್. ನೀನೇ ನೀರು ಜಾಸ್ತಿ ಬಿಟ್ಟೆಯಂತಲ್ಲ ಆರ್ಡಿಸ್? ಹೋಗ್ಲಿ ಬಿಡು, ನಿಂಗೇನ್ ಗೊತ್ತಾಗತ್ತೆ."

ಹಾರ್ಲನ್ ಎಲ್ಲರ ಮುಂದೆ ನನ್ನ ಕೈ ಹಿಡಿದುಕೊಂಡ. ಕ್ಷಮಿಸಿದವನ ಹಾಗೆ. ಇಡೆಲ್ ಕಣ್ಣೊರೆಸಿಕೊಂಡಳು. ಕೈ ಬಿಡಿಸಿಕೊಳ್ಳಲು ನನ್ನಿಂದಾಗಲಿಲ್ಲ, ಅಷ್ಟು ಜನ ನೋಡುತ್ತಿದ್ದರು. ಇಡೀ ಜನ್ಮದಲ್ಲಿ ಯಾರನ್ನೂ ಇಷ್ಟು ದ್ವೇಷಿಸಿಲ್ಲ.

ಆಗಸ್ಟ್ 26, ಮಂಗಳವಾರ. ಮಧ್ಯಾಹ್ನ

ಒಡೆದ ಕಾಯಿಯ ಬೀಜವನ್ನು ಕಳೆದ ವಾರವೇ ತೆಗೆದು ತೊಳೆದು ಜಗುಲಿಯಲ್ಲಿ ಜಾಲರಿಯ ಮೇಲೆ ಒಣಗಿಸಿದ್ದೆ. ಒಳ್ಳೆಯ ಬೀಜ, ಹೆಬ್ಬೆರಳಿನಷ್ಟು. ಆ 912 ಒಂದನ್ನು ಬಿಟ್ಟರೆ ಆಗಸ್ಟಿನೊಳಗೆ ಇಷ್ಟು ದೊಡ್ಡದಾದ ಕಾಯಿ ಈ ಕೌಂಟಿಯಲ್ಲಿ ಆಗಿಲ್ಲ. ಡ್ವೇನ್ ಎರಡು ಬೀಜಕ್ಕೆ ಅಂಗಲಾಚಿದ. ಹಾರ್ಲನ್ "ಬೇಡ" ಎಂದ. ದಿನವೂ ತನ್ನನ್ನು ಜಗುಲಿಗೆ ತಳ್ಳಿಸಿಕೊಂಡು ಹೋಗಿ ಅದರಲ್ಲಿ ಬೆರಳಾಡಿಸುತ್ತ ಕೂರುತ್ತಾನೆ. ನಿನ್ನೆ ಹೊಸ ಪದ ಬಂತು. ರೆನ್ನಿ ಚಪ್ಪಾಳೆ ತಟ್ಟಿ ಕುಣಿದಳು. "ಬೀಜ."

ಮುಂದಿನ ವರ್ಷ ಅವನ ಹೆಸರು, ನನ್ನ ಬೆನ್ನು.

ಬೆಳಿಗ್ಗೆ ಅವನು ಮಲಗಿದ್ದಾಗ ಎಲ್ಲ ಬೀಜವನ್ನೂ ಬೆಣ್ಣೆ, ಉಪ್ಪು ಹಾಕಿ ಒಲೆಯಲ್ಲಿ ಹುರಿದೆ. ಮನೆಯೆಲ್ಲ ಘಮ. ಅವನಿಗೆ ಗಟ್ಟಿಯಾದದ್ದು ಅಗಿಯಲಾಗದು. ಸಿಪ್ಪೆ ಸಹಿತ ನುಣ್ಣಗೆ ರುಬ್ಬಿ, ಸೋಸಿ, ಆಲೂಗಡ್ಡೆ ಸೂಪಿಗೆ ಬೆರೆಸಿದೆ. ಒಂದು ಬೀಜವನ್ನೂ ಉಳಿಸಿಕೊಳ್ಳಲಿಲ್ಲ. ನನಗಾಗಿಯೂ ಇಲ್ಲ. ಆ ಹೂವನ್ನು ಕೂಡಿಸಿದ ಕೈ ನನ್ನದು, ಅದು ನೆನಪಿತ್ತು. ಆದರೂ ರುಬ್ಬಿದೆ.

"ಚೆನ್ನಾಗಿದ್ಯಾ ಹಾರ್ಲನ್?"

ಮತ್ತೆ ಬಾಯಿ ತೆರೆದ. ಬಟ್ಟಲು ಖಾಲಿಯಾಗುವವರೆಗೆ ತಿನ್ನಿಸಿದೆ. ಮೂತಿ ಒರೆಸಿದೆ, ನಿಧಾನವಾಗಿ, ಮೂಲೆ ಮೂಲೆಗೂ.

ಜಗುಲಿಯ ಕಡೆ ಬೆರಳು ತೋರಿಸಿದ. "ಬೀಜ."

ಜಾಲರಿಯನ್ನು ತಂದು ತೊಡೆಯ ಮೇಲಿಟ್ಟೆ. ಖಾಲಿ. ಕೈಯಾಡಿಸಿದ. ಅಡಿಯಲ್ಲಿ ನೋಡಿದ. ನನ್ನನ್ನು ನೋಡಿದ. "ಬೀಜ?"

ಬಟ್ಟಲನ್ನು ಅವನ ಮುಂದೆ ಓರೆ ಮಾಡಿ ಹಿಡಿದೆ.

ಮೊದಲು ಅರ್ಥವಾಗಲಿಲ್ಲ. ಆಮೇಲೆ ಎರಡು ಬೆರಳನ್ನು ಬಾಯೊಳಗೆ ಹಾಕಿ, ಹಲ್ಲಿನ ಸಂದಿಯಲ್ಲಿ, ನಾಲಿಗೆಯ ಕೆಳಗೆ ಹುಡುಕತೊಡಗಿದ. ಈಗಲೂ ಹುಡುಕುತ್ತಿದ್ದಾನೆ. ಇಲ್ಲಿಗೆ ಕೇಳಿಸುತ್ತಿದೆ. ಎದ್ದು ಹೋಗಿ ಕೈ ಹಿಡಿಯಬೇಕು, ಇಲ್ಲದಿದ್ದರೆ ಗಂಟಲಿಗೆ —