ನಿಧಾನದ ಬಡಿತ

ಅಪ್ಪಾ,

ತಮ್ಮ ಪುರ್ವಾದಿ ಸತ್ತನೆಂದಷ್ಟೇ ಬರೆದು ಮುಗಿಸುವವಳಿದ್ದೆ. ಊರನ್ನು ಕೂಗಿದ್ದು ನಾನು.

ಹನ್ನೊಂದು ವರ್ಷದ ಮೇಲೆ ಪುರ್ವಾದಿ ನಿನ್ನೆ ಮಧ್ಯಾಹ್ನ ಸೋಲೋ ಪೇಟೆಯಿಂದ ಬಂದ. ಮುಂಬಾಗಿಲಿಗೆ ಬರಲು ಮುಖವಿಲ್ಲದೆ ಹಿತ್ತಲ ಗೋಡೆ ಹಾರಿದ. ಬೆನ್ನು ಕಂಡು ಕಳ್ಳನೆಂದುಕೊಂಡು, ಊರಿಗೆ ಎಚ್ಚರಿಕೆ ಸಾರಲು ಜಗಲಿಯಲ್ಲಿ ತೂಗುಹಾಕಿದ ಕೆಂತೊಂಗನ್ ಎಂಬ ಪೊಳ್ಳು ಕೊರಡನ್ನು ನೀವು ಕಲಿಸಿದಂತೆ ಬಿಡದೆ ಬಡಿದೆ. ಕೇರಿಯೇ ಬಿದಿರು ಹಿಡಿದು ಓಡಿಬಂತು.

"ಏನ್ಲಾ ಹುಲಿ, ಹಗಲಲ್ಲೇ ಬಂದ್ಯಾ?" ಎಂದು ಕಳ್ಳನನ್ನು ಅಣಕಿಸುತ್ತ ಲಜಿಮಿನ್ ಮಾವ ಮೊದಲ ಏಟು ಕೊಟ್ಟರು.

"ಅಕ್ಕಾ, ನಾನು ಕಣೇ! ಹೇಳೇ ಇವ್ರಿಗೆ!"

ಅಪಾಯವಿಲ್ಲವೆಂದು ಸಾರುವ ನಿಧಾನದ ಬಡಿತವೂ ನನಗೆ ಗೊತ್ತಿತ್ತು. ಅಮ್ಮನ ಮಣ್ಣಿಗೂ ಬಾರದವನು ಎಂಬುದು ನೆನಪಾಗಿ ಕೈ ತಡೆಯಿತು. ತಲೆಬುರುಡೆ ಬಿರಿದ ಸದ್ದು ಕೇಳಿದ ಮೇಲೆ ಕೊರಡಿನ ಮೇಲೆ ಆ ನಿಧಾನದ ಬಡಿತ ಬಡಿದೆ. ಎಲ್ಲರೂ ಕೂಡಲೇ ನಿಲ್ಲಿಸಿದರು.

ಇಂದು ಅವನನ್ನು ನಿಮ್ಮ ಪಕ್ಕದಲ್ಲೇ ಮಲಗಿಸಿದೆವು. ನಾನು ತಡಮಾಡಿದ್ದನ್ನು ಅವನೇ ನಿಮಗೆ ಹೇಳುವನೇನೋ. ಆದರೂ ಅವನ ನಲವತ್ತನೆಯ ದಿನದ ಪ್ರಾರ್ಥನೆಗೆ, ಮಾರ್ಚ್ ಹನ್ನೆರಡರಂದು, ಈ ಪತ್ರವನ್ನು ನಿಮ್ಮ ಗೋರಿಗೆ ತಲುಪಿಸುತ್ತೇನೆ.